ತುಂಬಿದ ಕೊಡ, ಬರಿದಾದ ಟ್ಯಾಂಕು

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಅವರು ಕೊಡವನ್ನು ನೆಪಮಾಡಿಕೊಂಡು ಮನುಷ್ಯರ ವಿಚಾರವನ್ನು ಆಡಿದರು. ಆದರೆ ಈ ಗಾದೆ ಅಕ್ಷರಶಃ ಒಪ್ಪುವ ಪಾತ್ರೆಯೊಂದುಂಟು. ಅದು ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕು. ತುಂಬಿದಾಗ ಅದು ಬಹುಮಟ್ಟಿಗೆ ಸಾಧು. ಬರಿದಾದಾಗಲೇ ಅದರ ಉಪಟಳ. ಹಳೆಯ ವಾಹನವನ್ನು ಮನೆಯಲ್ಲಿಟ್ಟುಕೊಂಡವರು ಎಂದಾದರೊಂದು ದಿನ ಸೋರುವ ಟ್ಯಾಂಕನ್ನು ಹೊತ್ತು ಬೆಸುಗೆಯವನ ಅಂಗಡಿಗೆ ಹೋಗಬೇಕಾದವರೇ. ಆಗ "ಎಲ್ಲ ಖಾಲಿ ಮಾಡಿಕೊಂಡು ಬಂದಿದ್ದೇನೆ, ಹೆದರಬೇಡಿ" ಎಂದು ಅಭಯ ಕೊಡುವುದು ವಾಡಿಕೆ. ಆ ಅಭಯವೇ ಭಯಕ್ಕೆ ಮೂಲ. ಈ ವಿಪರೀತ ಸತ್ಯವು ಮನುಷ್ಯನಿಗೆ ಹೇಗೆ ತಿಳಿಯಿತು, ತಿಳಿದ ಮೇಲೂ ಹೇಗೆ ಮತ್ತೆ ಮತ್ತೆ ಮರೆತುಹೋಯಿತು ಎಂಬುದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಆ ಚರಿತ್ರೆ ಪೆಟ್ರೋಲ್ ವಾಹನಕ್ಕಿಂತ ಹಳೆಯದು. ಅದು ಕಲ್ಲಿದ್ದಲ ಗಣಿಯಲ್ಲಿ ಮೊದಲಾಗುತ್ತದೆ. 1812ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಫೆಲಿಂಗ್ ಗಣಿ ಸಿಡಿದು 92 ಮಂದಿ ಸತ್ತರು. ಸತ್ತವರಲ್ಲಿ ಎಳೆಯ ಹುಡುಗರೂ ಅನೇಕರಿದ್ದರು. ಕಲ್ಲಿದ್ದಲ ಬಿರುಕುಗಳಿಂದ ಹೊರಡುವ ಅನಿಲಕ್ಕೆ ದೀಪದ ಜ್ವಾಲೆ ತಗುಲಿದರೆ ಇಂತಹ ಅನಾಹುತಗಳಾಗುತ್ತಿದ್ದವು. 1815ರಲ್ಲಿ ಹಂಫ್ರಿ ಡೇವಿ ಈ ಅನಿಲವನ್ನು ಪರೀಕ್ಷೆಗೆ ತೆಗೆದುಕೊಂಡನು. ಅವನು ಕಂಡುಹಿಡಿದ ಜಾಲರಿಯ ದೀಪ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಪ್ರಸ್ತಾಪಕ್ಕೆ ಬೇಕಾದುದು ದೀಪವಲ್ಲ, ದೀಪಕ್ಕೆ ಮುಂಚೆ ಅವನು ಕಂಡ ತತ್ವ. ಅನಿಲ ತೀರ ಕಡಮೆಯಿದ್ದರೆ ಸಿಡಿಯದು. ತೀರ ಹೆಚ್ಚಾಗಿದ್ದರೂ ಸಿಡಿಯದು. ಗಾಳಿಯೊಡನೆ ಒಂದು ಹದದಲ್ಲಿ ಬೆರೆತಾಗ ಮಾತ್ರ ಅದು ಸಿಡಿಮದ್ದಾಗುತ್ತದೆ. ಅಡುಗೆಗೆ ಹೇಗೋ ಆಸ್ಫೋಟಕ್ಕೂ ಹಾಗೆಯೇ ಪಾಕ ಕೂಡಿಬರಬೇಕು.

ಪೆಟ್ರೋಲು ವಾಹನಕ್ಕೆ ಬಂದ ಕಾಲದಲ್ಲಿ ಈ ತತ್ವವನ್ನು ಅದಕ್ಕೆ ಅನ್ವಯಿಸಿ ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. 1888ರಲ್ಲಿ ಬರ್ತಾ ಬೆಂಜ್ ತನ್ನ ಗಂಡನ ಮೋಟಾರು ಗಾಡಿಯನ್ನೇರಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಾಗ ಇಂಧನವನ್ನು ಕೊಂಡದ್ದು ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ. ಬಟ್ಟೆಯ ಕಲೆ ತೆಗೆಯುವ ದ್ರವವೆಂದು ಅದು ಮಾರಾಟವಾಗುತ್ತಿತ್ತು. ಅದಕ್ಕೆ ಮೂರು ವರ್ಷ ಮುಂಚೆ, 1885ರಲ್ಲಿ, ಡೈಮ್ಲರ್ ಮತ್ತು ಮೇಬಾಖ್ ಎಂಬ ಜರ್ಮನರು ಮರದ ಚೌಕಟ್ಟಿಗೆ ಎಂಜಿನ್ ಕೂರಿಸಿ ಮೊದಲ ಪೆಟ್ರೋಲ್ ದ್ವಿಚಕ್ರವನ್ನು ನಿರ್ಮಿಸಿದ್ದರು. ಡೈಮ್ಲರನ ಮಗ ಅದನ್ನೇರಿ ಹೊರಟ ಮೊದಲ ಸವಾರಿಯಲ್ಲಿಯೇ, ಕೆಳಗಿದ್ದ ಕಾದ ಕೊಳವೆಯ ತಾಪಕ್ಕೆ ಆಸನ ಹೊತ್ತಿಕೊಂಡಿತೆಂದು ಹೇಳುತ್ತಾರೆ. ಮೋಟಾರ್ ಸೈಕಲ್ಲಿನ ಚರಿತ್ರೆ ಪ್ರಾರಂಭವಾದದ್ದೇ ಬೆಂಕಿಯ ಸಾಕ್ಷಿಯಾಗಿ ಎಂದರೆ ತಪ್ಪಾಗಲಾರದು.

ಈಗ ಕೊಂಚ ಲೆಕ್ಕ ಹಾಕೋಣ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ನೂರಕ್ಕೆ 1.4ರಿಂದ 7.6 ಭಾಗದವರೆಗೆ ಇದ್ದರೆ ಆ ಮಿಶ್ರಣ ಹೊತ್ತಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವುದಕ್ಕಿಂತ ನಲವತ್ತು ಡಿಗ್ರಿ ಕೆಳಗೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆಂದ ಮೇಲೆ ನಮ್ಮ ನಾಡಿನ ಬಿಸಿಲಿನಲ್ಲಿ ಕೇಳಬೇಕೆ? ಟ್ಯಾಂಕಿನಲ್ಲಿ ಪೆಟ್ರೋಲು ತುಂಬ ಇದ್ದಾಗ ಅದರ ಮೇಲಿನ ಅವಕಾಶವೆಲ್ಲ ಆವಿಯಿಂದಲೇ ಕಿಕ್ಕಿರಿದು ಪಾಕ ಮೀರಿಹೋಗಿರುತ್ತದೆ. ಒಳಗೆ ಸಿಡಿಯಲು ಸಾಕಷ್ಟು ಗಾಳಿಯಿಲ್ಲ. ಬರಿದು ಮಾಡಿದಾಗ ಗಾಳಿ ಒಳನುಗ್ಗುತ್ತದೆ. ಹದಿಮೂರು ಲೀಟರು ಹಿಡಿಯುವ ಟ್ಯಾಂಕಿನಲ್ಲಿ ಸಿಡಿಯುವ ಹದ ಬರಲು ಸುಮಾರು ಒಂದು ಮಿಲಿಲೀಟರಿನಷ್ಟು ಪೆಟ್ರೋಲು ಆವಿಯಾದರೆ ಸಾಕು. ಅಂದರೆ ಚಹದ ಚಮಚೆಯ ಕಾಲು ಭಾಗಕ್ಕಿಂತಲೂ ಕಡಮೆ. ತುಕ್ಕಿನ ಪದರದಲ್ಲಿ, ತಗಡಿನ ಮಡಿಕೆಯ ಸಂದಿನಲ್ಲಿ ಅಷ್ಟು ಪೆಟ್ರೋಲು ಅವಿತುಕೊಂಡಿದ್ದರೆ ಯಾವ ಕಣ್ಣಿಗೂ ಕಾಣದು.

ಟ್ಯಾಂಕು ಸೋರುವುದು ಏಕೆ ಎಂಬುದನ್ನೂ ಹೇಳಬೇಕು. ಮೊದಮೊದಲಿನ ಮೋಟಾರ್ ಸೈಕಲ್ಲುಗಳಲ್ಲಿ ಅದು ತಗಡನ್ನು ಮಡಿಚಿ ತವರ ಸೀಸಗಳ ಬೆಸುಗೆ ಹಾಕಿದ ಚಪ್ಪಟೆಯ ಡಬ್ಬ. ಚೌಕಟ್ಟಿನ ಎರಡು ಕೊಳವೆಗಳ ನಡುವೆ ತೂಗಿಕೊಂಡಿರುತ್ತಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಕುದುರೆಯ ಬೆನ್ನಿಗೆ ಜೀನು ಹಾಕಿದಂತೆ ಕೊಳವೆಯ ಮೇಲೆ ಕೂರುವ ಟ್ಯಾಂಕು ಬಂದಿತು. ರೂಪ ಚೆಲುವಾಯಿತು, ಆದರೆ ಕೀಲುಗಳು ಹೆಚ್ಚಿದವು. ಸೋರಿಕೆಯೆಲ್ಲ ಕೀಲಿನಲ್ಲಿದೆಯೆಂಬ ಪಾಠವನ್ನು ಎರಡನೆಯ ಮಹಾಯುದ್ಧವು ದೊಡ್ಡ ಬೆಲೆ ತೆಗೆದುಕೊಂಡು ಕಲಿಸಿತು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷರ ತೆಳುತಗಡಿನ ಡಬ್ಬಗಳು ಕೀಲು ಬಿಟ್ಟು, ಅಪಾರವಾದ ಪೆಟ್ರೋಲು ಮರಳಿನ ಪಾಲಾಯಿತು. ಜರ್ಮನರು 1937ರಲ್ಲಿ ರೂಪಿಸಿದ್ದ ಡಬ್ಬವೋ ಒತ್ತಿ ಮಾಡಿದ ಎರಡು ಅರೆಗಳನ್ನು ವೆಲ್ಡ್ ಮಾಡಿ ಕೂಡಿಸಿದ ಗಟ್ಟಿಮುಟ್ಟಾದ ಪಾತ್ರೆ. ಕೊನೆಗೆ ಬ್ರಿಟಿಷರು ಅದನ್ನೇ ನಕಲು ಮಾಡಿಕೊಂಡರು.

ನಮ್ಮ ಮೈಸೂರಿಗೂ ಈ ಕಥೆಗೂ ನಂಟುಂಟು. ಝೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದನು. ಆ ವಾಹನವನ್ನು ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮುಂದೆ ಯೆಜ್ಡಿ ಎಂಬ ಹೆಸರಿನಿಂದ ನಡೆದ ಈ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ವಾಹನಗಳು ಇಂದಿಗೂ ಮೈಸೂರಿನ ಬೀದಿಗಳಲ್ಲಿ ಓಡಾಡುತ್ತಿವೆ. ಪೆಟ್ರೋಲಿನೊಡನೆ ಎಂಜಿನ್ ಎಣ್ಣೆಯನ್ನು ಬೆರೆಸಿ ಕುಡಿಸುವ ಈ ವಾಹನಗಳ ಟ್ಯಾಂಕಿಗೆ ಆ ಎಣ್ಣೆಯೇ ಅಷ್ಟಿಷ್ಟು ರಕ್ಷೆ. ಆದರೂ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಗಾಳಿಯ ತೇವ ನೀರಾಗಿ, ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ, ಅತ್ಯಂತ ತಗ್ಗಿನ ಮೂಲೆಯಲ್ಲಿ ತಗಡನ್ನು ತಿನ್ನುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗೆ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ.

ನಮ್ಮ ತಂದೆಯವರ ಕಾಲದ ಜಾವಾ ಒಂದು ನಮ್ಮಲ್ಲಿದೆ. ಅದರ ಟ್ಯಾಂಕನ್ನು ಹಿಂದೊಮ್ಮೆ ಮೈಸೂರಿನ ಒಬ್ಬ ವೃದ್ಧ ಕೆಲಸಗಾರರ ಬಳಿಗೆ ಒಯ್ದಿದ್ದೆ. ಅವರದು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನ. ಕಲಾಯಿಯ ತವರ, ನವಸಾಗರಗಳ ಪರಿಚಯವೇ ಅವರನ್ನು ಬೆಸುಗೆಯ ಕೆಲಸಕ್ಕೆ ತಂದಿತ್ತು. ಬೆಸೆ ಎಂಬ ಧಾತುವಿನಿಂದ ಬಂದ ಬೆಸುಗೆ ಎಂಬ ಮಾತನ್ನು ನಾವು ತರಗತಿಯಲ್ಲಿ ಮನಸ್ಸು ಮನಸ್ಸುಗಳ ಕೂಡಿಕೆಗೆ ಬಳಸಿ ಬಳಸಿ ಸವೆಸಿದ್ದೇವೆ. ಅವರ ಕೈಯಲ್ಲಿ ಅದಕ್ಕೆ ಇನ್ನೂ ಕಾವಿತ್ತು. ಟ್ಯಾಂಕನ್ನು ಮೂಸಿ ನೋಡಿ ಅವರು, "ಮೇಷ್ಟ್ರೇ, ತುಂಬಿದ್ದು ತಂದಿದ್ರೆ ನನಗೆ ಇಷ್ಟು ಹೆದರಿಕೆ ಇರ್ತಿರಲಿಲ್ಲ. ಇದು ಖಾಲಿ. ನಾಳಿದ್ದು ಬನ್ನಿ" ಎಂದರು. ಎರಡು ದಿನ ಅದನ್ನು ಸಾಬೂನು ನೀರಿನಿಂದಲೂ ಕುದಿನೀರಿನಿಂದಲೂ ತೊಳೆದು, ತೂತು ಮೇಲಕ್ಕೆ ಬರುವಂತೆ ಇಟ್ಟು, ಅದರ ಅಂಚಿನವರೆಗೂ ನೀರು ತುಂಬಿ, ಮುಚ್ಚಳ ತೆಗೆದೇ ಬೆಸುಗೆ ಹಾಕಿದರು. ಡೇವಿಯ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಬರಿದಾದ ಅವಕಾಶವನ್ನೇ ಇಲ್ಲವಾಗಿಸಿದರೆ ಸಿಡಿಯಲು ಸ್ಥಳವಿಲ್ಲ ಎಂಬ ತತ್ವ ಅವರ ಬೆರಳುಗಳಿಗೆ ಗೊತ್ತಿತ್ತು.

ಬಡ ಕೆಲಸಗಾರನಿಗೆ ಗೊತ್ತಿದ್ದುದು ದೊಡ್ಡ ಕಂಪನಿಗಳಿಗೆ ತಿಳಿಯದೆ ಹೋದ ಪ್ರಸಂಗವೂ ಉಂಟು. 1969ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಮಾರ್ಪೆಸ್ಸಾ, ಮಾಕ್ಟ್ರಾ, ಕಾಂಗ್ ಹಾಕನ್ ಎಂಬ ಮೂರು ದೈತ್ಯ ತೈಲನೌಕೆಗಳು ಆಫ್ರಿಕದ ಕಡಲುಗಳಲ್ಲಿ ಸಿಡಿದವು. ಮೊದಲನೆಯದು ಮುಳುಗಿಯೇ ಹೋಯಿತು. ಮೂರರಲ್ಲಿಯೂ ಸರಕಿರಲಿಲ್ಲ, ತೈಲವನ್ನು ಇಳಿಸಿ ಬರಿದಾದ ಟ್ಯಾಂಕುಗಳನ್ನು ತೊಳೆಯುತ್ತಿದ್ದರು. ರಭಸದ ನೀರಿನ ತುಂತುರಿನಿಂದ ಹುಟ್ಟಿದ ಸ್ಥಾಯಿ ವಿದ್ಯುತ್ತು ಕಿಡಿಯಾಗಿರಬೇಕೆಂದು ವಿಚಾರಣೆಯವರು ಊಹಿಸಿದರು. ಆಮೇಲೆ 1974ರ ಸಾಗರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1978ರಲ್ಲಿ ಸೇರಿಸಿದ ನಿಯಮಗಳು, ದೊಡ್ಡ ತೈಲನೌಕೆಗಳ ಟ್ಯಾಂಕುಗಳಲ್ಲಿ ಆಮ್ಲಜನಕ ಕಡಮೆಯಾದ ಅನಿಲವನ್ನು ತುಂಬಿಡುವುದನ್ನು ಕಡ್ಡಾಯಮಾಡಿದವು. ಮೈಸೂರಿನ ಮುದುಕರು ನೀರಿನಿಂದ ಮಾಡಿದುದನ್ನು ನೌಕೆಗಳು ಅನಿಲದಿಂದ ಮಾಡತೊಡಗಿದವು.

ಕೆಲವು ಗ್ಯಾರೇಜುಗಳಲ್ಲಿ ಇದನ್ನೇ ಅನುಕರಿಸಿ ಇನ್ನೊಂದು ವಾಹನದ ಹೊಗೆಕೊಳವೆಯ ಹೊಗೆಯನ್ನು ಟ್ಯಾಂಕಿಗೆ ಬಿಡುವ ರೂಢಿಯುಂಟು. ಅದನ್ನು ನಂಬತಕ್ಕದ್ದಲ್ಲ. ನೌಕೆಯಲ್ಲಿ ಆಮ್ಲಜನಕವನ್ನು ಅಳೆದು ನೋಡುವ ಉಪಕರಣವಿದೆ; ಇಲ್ಲಿ ಅಂದಾಜೇ ಗತಿ. ಮೇಲಾಗಿ ಎಣ್ಣೆ ಬೆರೆಸಿದ ಪೆಟ್ರೋಲಿನ ಎರಡು ಹೊಡೆತದ ಎಂಜಿನ್ನಿನ ಹೊಗೆಯಲ್ಲಿ ಉರಿಯದ ಪೆಟ್ರೋಲೇ ಸಾಕಷ್ಟಿರುತ್ತದೆ. ಬೆಸುಗೆಯ ಕಡ್ಡಿಯಲ್ಲಿ ಜ್ವಾಲೆಯಿಲ್ಲವೆಂಬ ಧೈರ್ಯವೂ ಬೇಡ. ಕೆಂಡದಿಂದ ತೆಗೆದ ಕಡ್ಡಿ ಆವಿಯನ್ನು ಹೊತ್ತಿಸುವಷ್ಟು ಬಿಸಿಯಾಗಿರಬಹುದು. ಪೆಟ್ರೋಲನ್ನು ಬಯಲಿನಲ್ಲಿಯೇ ಇಳಿಸಬೇಕು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನು ಹುಡುಕಿಕೊಂಡು ಹೋಗಬಲ್ಲದು. ದಾರಿಯಲ್ಲಿ ಸೋರಿದರೆ ಬಟ್ಟೆಯ ಸಾಬೂನನ್ನು ತೂತಿಗೆ ತಿಕ್ಕಿ ಮನೆ ಸೇರಬಹುದು. ಸಾಬೂನು ಪೆಟ್ರೋಲಿನಲ್ಲಿ ಕರಗದು. ಚಿಕ್ಕ ತೂತಾದರೆ, ತಗಡನ್ನು ಬೆಳ್ಳಗೆ ಉಜ್ಜಿ, ಪೆಟ್ರೋಲಿಗೆ ತಾಳುವ ಎಪಾಕ್ಸಿ ಅಂಟನ್ನು ಹಚ್ಚುವುದರಲ್ಲಿ ಬೆಂಕಿಯ ಮಾತೇ ಇಲ್ಲ. ತಳವೆಲ್ಲ ತುಕ್ಕಾಗಿದ್ದರೆ ಬೆಸುಗೆಯೂ ವ್ಯರ್ಥ. ಹೊಸ ಟ್ಯಾಂಕನ್ನೇ ಹುಡುಕಬೇಕು. ಈಗ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗದವರೆಗೆ ಎಥನಾಲ್ ಬೆರೆಯುತ್ತಿದೆ. ಅದು ನೀರನ್ನು ಸೆಳೆದುಕೊಳ್ಳುವ ಸ್ವಭಾವದ್ದು. ಕೆಲವು ಹಳೆಯ ಒಳಲೇಪಗಳನ್ನು ಸಡಿಲಿಸುತ್ತದೆ. ಆದಕಾರಣ ಅಂಟಾಗಲಿ ಲೇಪವಾಗಲಿ ಎಥನಾಲಿಗೆ ತಾಳುವುದೇ ಎಂದು ವಿಚಾರಿಸಿಯೇ ಕೊಳ್ಳಬೇಕು.

ಚರಿತ್ರೆಯನ್ನು ಓದುವವರು ರಾಜರ ಕಾಳಗಗಳಲ್ಲಿ ಮಡಿದವರ ಲೆಕ್ಕವಿಡುತ್ತಾರೆ. ಖಾಲಿ ಟ್ಯಾಂಕಿನ ಮುಂದೆ ಕುಳಿತು ಕಣ್ಣು ಕಳೆದುಕೊಂಡ ಹುಡುಗರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಅಂಗಡಿಯಲ್ಲಿ ಟ್ಯಾಂಕನ್ನು ಹಿಡಿದುಕೊಳ್ಳುವವನು ಸಾಮಾನ್ಯವಾಗಿ ಕೆಲಸ ಕಲಿಯಲು ಬಂದ ಬಾಲಕ. ಅವನ ಮುಖವೇ ತೂತಿಗೆ ಎಲ್ಲರಿಗಿಂತ ಹತ್ತಿರ. ಅವಸರ ಮಾಡುವವನಾದರೋ ಗಿರಾಕಿ, ಅಂದರೆ ನಾವು. ಸಂಜೆಗೆ ಗಾಡಿ ಬೇಕೆಂದು ನಾವು ಒತ್ತಾಯಿಸಿದರೆ ಎರಡು ದಿನದ ತೊಳೆತ ಅರ್ಧ ಗಂಟೆಗೆ ಇಳಿಯುತ್ತದೆ. ಇನ್ನು ಮೇಲೆ ಟ್ಯಾಂಕನ್ನು ಕೊಡುವಾಗ "ಖಾಲಿ ಇದೆ" ಎಂದು ಹೇಳುವ ಬದಲು "ನೀರು ತುಂಬಿಯೇ ಕೆಲಸ ಮಾಡಿ, ನನಗೆ ಅವಸರವಿಲ್ಲ" ಎಂದು ಹೇಳೋಣ. ಎರಡು ದಿನ ತಡವಾಗಬಹುದು, ಕೂಲಿಯೂ ಕೊಂಚ ಹೆಚ್ಚಾಗಬಹುದು. ಫೆಲಿಂಗ್ ಗಣಿಯ ಹುಡುಗರಿಗೆ ಅಷ್ಟು ಹೊತ್ತು ಕಾಯುವ ಯಜಮಾನ ಸಿಗಲಿಲ್ಲ. ನಮ್ಮ ಬೀದಿಯ ಹುಡುಗನಿಗಾದರೂ ಸಿಗಲಿ.