ಕಂದಾಯದ ಲೆಕ್ಕ, ಹಿತ್ತಿಲ ಗಲ್ಲಿಯ ಚರಿತ್ರೆ

ನಾನು ಬಾಡಿಗೆಗಿರುವುದು ಮೈಸೂರಿನ ರಾಜೀವನಗರದಲ್ಲಿ. ಪ್ರತಿ ಏಪ್ರಿಲ್ಲಿನಲ್ಲಿ ನಮ್ಮ ಮನೆ ಮಾಲೀಕರು ಹಿಂದಿನ ವರ್ಷದ ಕಂದಾಯದ ರಸೀದಿಯನ್ನು ತಂದು ನನ್ನ ಮೇಜಿನ ಮೇಲಿಡುತ್ತಾರೆ. ‘ಮೇಷ್ಟ್ರೇ, ಈ ತಿಂಗ್ಳೊಳಗೆ ಕಟ್ಟಿದ್ರೆ ನೂರಕ್ಕೆ ಐದು ರೂಪಾಯಿ ಬಿಡ್ತಾರೆ. ನೀವು ಓದಿದೋರು, ಒಸಿ ಲೆಕ್ಕ ನೋಡಿ’ ಅನ್ನುತ್ತಾರೆ. ನಾನು ಓದಿದ್ದು ಕನ್ನಡ ಎಂ.ಎ. ಲೆಕ್ಕ ನನಗೆ ದೂರ. ಆದರೂ ಆ ಚೀಟಿಯನ್ನು ವರ್ಷವರ್ಷವೂ ಓದುತ್ತಾ ಓದುತ್ತಾ ನನಗೊಂದು ಅನುಮಾನ ಹುಟ್ಟಿದೆ. ಕವಿತೆಯಲ್ಲಿ, ಕಾದಂಬರಿಯಲ್ಲಿ ಜಾತಿಯ ಯಜಮಾನಿಕೆಯನ್ನು ಹುಡುಕುವುದನ್ನು ಕಲಿತ ನಮ್ಮ ದಲಿತ ವಿಮರ್ಶೆ, ಈ ಚೀಟಿಯನ್ನು ಯಾಕೆ ಓದಲಿಲ್ಲ? ಇದೂ ಒಂದು ಪಠ್ಯವೇ. ಇದರಲ್ಲೂ ಯಾರು ಮಾತಾಡುತ್ತಾರೆ, ಯಾರನ್ನು ಸುಮ್ಮನಾಗಿಸಲಾಗಿದೆ ಎಂಬ ಪ್ರಶ್ನೆ ಇದೆ.

ಈ ಅನುಮಾನಕ್ಕೆ ಕಾರಣವಾದ ಒಂದು ಬೆಳಗ್ಗೆಯ ಮಾತನ್ನು ಹೇಳಬೇಕು. ನಮ್ಮ ಬೀದಿಯಲ್ಲಿ ಕಸ ತುಂಬಿಕೊಳ್ಳುತ್ತಿದ್ದ ಪೌರಕಾರ್ಮಿಕ ಹೆಂಗಸಿಗೆ ಸ್ಕೂಟರಿನ ಮೇಲೆ ಕೂತಿದ್ದ ಒಬ್ಬರು, ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಸಂಬಳ ತಗೋತೀರ, ಮೋರಿ ಕಟ್ಕೊಂಡಿದೆ, ಕೈ ಹಾಕಿ ತೆಗೆಯೋಕೆ ಏನು ಧಾಡಿ?’ ಅಂದರು. ಆಕೆ ಪೊರಕೆ ನಿಲ್ಲಿಸಲಿಲ್ಲ. ‘ನಾನೂ ಕಟ್ತೀನಿ ಕಣಣ್ಣ. ಕಂದಾಯ ಜಾಸ್ತಿಯಾಯ್ತು ಅಂತ ನಮ್ಮನೆ ಓನರು ಬಾಡ್ಗೆ ಏರಿಸ್ಲಿಲ್ವಾ?’ ಅಂದಳು. ಅಷ್ಟೇ. ಸ್ಕೂಟರು ಹೊರಟುಹೋಯಿತು. ನನ್ನ ತಲೆಯಲ್ಲಿ ಮಾತ್ರ ಆ ಮಾತು ಉಳಿಯಿತು. ‘ನಮ್ಮ ಟ್ಯಾಕ್ಸ್ ದುಡ್ಡು’ ಎಂಬ ಮಾತಿಗೆ ಒಂದು ಚರಿತ್ರೆಯಿದೆ. ಅದನ್ನು ಆಡುವವರಿಗೆ ಅದು ಗೊತ್ತಿರಬೇಕಾಗಿಲ್ಲ; ಆಡಿಸಿಕೊಳ್ಳುವವರಿಗೆ ಗೊತ್ತಿರಲೇಬೇಕು.

ಮೈಸೂರಿನ ಮುನಿಸಿಪಾಲಿಟಿ 1888ರಲ್ಲಿ ಎಂಟು ವಾರ್ಡುಗಳೊಂದಿಗೆ ಶುರುವಾಯಿತು. 1906ರಲ್ಲಿ ಸಂಸ್ಥಾನಕ್ಕೆ ಮುನಿಸಿಪಲ್ ರೆಗ್ಯುಲೇಷನ್ ಬಂತು. ಆ ಕಾಲದ ಪುರಸಭೆಗಳಲ್ಲಿ ಓಟು ಎಲ್ಲರದೂ ಆಗಿರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆ ಇವು ಇದ್ದವನೇ ಮತದಾರ. ಅಂದರೆ ಊರು ಅಂದರೆ ಯಾರು ಎಂಬುದನ್ನು ಕಂದಾಯದ ಪುಸ್ತಕ ತೀರ್ಮಾನಿಸುತ್ತಿತ್ತು. ಕಟ್ಟುವವನು ಊರಿನವನು. ಗುಡಿಸುವವನು ಊರಿಗಾಗಿ ಇರುವವನು, ಊರಿನವನಲ್ಲ. ಹೊಲಗೇರಿ ಮಾದಿಗೇರಿಗಳನ್ನು ಊರಿನ ಹೊರಗಿಟ್ಟ ಹಳ್ಳಿಯ ನಕ್ಷೆಯನ್ನು ಹೊಸ ಪುರಸಭೆ ಅಳಿಸಲಿಲ್ಲ. ಅದನ್ನೇ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಂಡಿತು ಎಂದು ನನಗನ್ನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂತು. ಅದರ ಹೊಡೆತದ ನಂತರ, 1903ರಲ್ಲಿ, ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಒಡೆದು, ಗಾಳಿ ಬೆಳಕಿರುವ ಬಡಾವಣೆಗಳನ್ನು ಕಟ್ಟುವುದು ಅದರ ಕೆಲಸ. ಮೈಸೂರನ್ನು ಅಂದಚೆಂದದ ಊರು ಎಂದು ಹೊಗಳುವವರೆಲ್ಲ ಈ ಮಂಡಲಿಯನ್ನು ನೆನೆಯುತ್ತಾರೆ. ನೆನೆಯಲಿ. ಆದರೆ ಆ ಹಳೆಯ ಬಡಾವಣೆಗಳಲ್ಲಿ ನೀವು ಈಗಲೂ ಒಂದು ಸಂಗತಿಯನ್ನು ಕಣ್ಣಾರೆ ನೋಡಬಹುದು. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ಸೇರುವ ಕಡೆ ಒಂದು ಸಣ್ಣ ಗಲ್ಲಿ. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಅಂತಲೇ ಹೆಸರು. ಇವತ್ತು ಅದರಲ್ಲಿ ಬೈಕು ನಿಲ್ಲಿಸುತ್ತಾರೆ, ಕಸ ಎಸೆಯುತ್ತಾರೆ. ಅದನ್ನು ಮಾಡಿದ್ದು ಯಾಕೆ? ಮಲ ಹೊರುವವರು ಮುಂಬಾಗಿಲ ಬೀದಿಯಲ್ಲಿ ಕಾಣದಂತೆ ಬಂದು ಹೋಗಲಿ ಎಂದು. ಆರೋಗ್ಯಶಾಸ್ತ್ರ ಮತ್ತು ಮಡಿ ಎರಡೂ ಕೈಕೈ ಹಿಡಿದು ಹಾಕಿದ ಗೆರೆ ಅದು. ಅಸ್ಪೃಶ್ಯತೆಗೆ ಇಲ್ಲಿ ಯಾವ ಶಾಸ್ತ್ರವಾಕ್ಯವೂ ಬೇಕಾಗಲಿಲ್ಲ. ಓವರ್ಸಿಯರನ ನಕ್ಷೆಯೇ ಸಾಕಾಯಿತು.

ನನ್ನ ಅಜ್ಜಿ ಒಂದು ತಾಲ್ಲೂಕು ಊರಿನ ಪುರಸಭೆಯಲ್ಲಿ ಗುಡಿಸುತ್ತಿದ್ದಳು. ಮೂವತ್ತು ವರ್ಷ ಆ ಊರಿನಲ್ಲಿ ದುಡಿದ ಅವಳಿಗೆ ಯಾವ ಮನೆಯ ಮುಂಬಾಗಿಲು ಯಾವ ಬಣ್ಣ ಎಂಬುದು ಗೊತ್ತಿರಲಿಲ್ಲ. ‘ನುಗ್ಗೆಮರದ ಹಿತ್ಲು’, ‘ಒಡೆದ ತೊಟ್ಟಿ ಹಿತ್ಲು’, ‘ನಾಯಿ ಕಟ್ಟಿರೋ ಹಿತ್ಲು’ ಹೀಗೆ ಊರನ್ನು ಅವಳು ಬೆನ್ನಿನಿಂದ ಗುರುತಿಸುತ್ತಿದ್ದಳು. ನಗರದ ಚರಿತ್ರೆಯನ್ನು ಮುಂಬಾಗಿಲಿಂದ ಬರೆದವರು ಬಹಳ ಜನ. ಹಿತ್ತಿಲ ಕಡೆಯಿಂದ ಬರೆಯಬಲ್ಲವರಿಗೆ ಅಕ್ಷರ ಸಿಕ್ಕಿದ್ದು ತಡವಾಗಿ.

ಇಲ್ಲಿ 1973ರ ಮಾತು ಬರಬೇಕು. ಆ ವರ್ಷದ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬರ್ಥದ ಮಾತಾಡಿದರು. ಗಲಾಟೆಯಾಯಿತು, ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು. ದಲಿತ ಚಳವಳಿಯ, ದಲಿತ ಸಾಹಿತ್ಯದ ಹುಟ್ಟನ್ನು ನಾವು ಅಲ್ಲಿಂದ ಎಣಿಸುತ್ತೇವೆ. ಸರಿ. ಆದರೆ ಅವರು ಯಾವ ಖಾತೆಯ ಮಂತ್ರಿಯಾಗಿದ್ದರು? ಪೌರಾಡಳಿತದ್ದು. ದೇವರಾಜ ಅರಸರ ಸರ್ಕಾರದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು ಅವರು. ಚರಂಡಿ, ಕಕ್ಕಸು, ಕಂದಾಯ ಇವುಗಳ ಮಂತ್ರಿಯೇ ಸಾಹಿತ್ಯದ ಬಗ್ಗೆಯೂ ತೀರ್ಪು ಕೊಟ್ಟದ್ದು ಆಕಸ್ಮಿಕ ಎಂದು ನಾನು ತಿಳಿದಿಲ್ಲ. ಊರಿನ ಹೊಲಸನ್ನು ಯಾರ ತಲೆಯ ಮೇಲೆ ಹೊರಿಸಿದ್ದಾರೆಂದು ಕಂಡವರಿಗೆ, ಆ ತಲೆಯನ್ನೇ ಕಾಣದ ಸಾಹಿತ್ಯ ಬೂಸಾ ಎನಿಸಿದ್ದರಲ್ಲಿ ಆಶ್ಚರ್ಯವೇನು? ನಮ್ಮ ವಿಮರ್ಶೆ ಅವರ ಭಾಷಣವನ್ನು ಇಟ್ಟುಕೊಂಡಿತು, ಅವರ ಆದೇಶವನ್ನು ಬಿಟ್ಟುಬಿಟ್ಟಿತು. ಅದೇ ದಶಕದಲ್ಲಿ ಪೌರಕಾರ್ಮಿಕರ ಸ್ಥಿತಿಗತಿ ಕುರಿತು ವರದಿ ಕೊಟ್ಟ ಐ.ಪಿ.ಡಿ. ಸಾಲಪ್ಪ ಸಮಿತಿಯ ಹೆಸರು ಎಷ್ಟು ಎಂ.ಎ. ತರಗತಿಗಳಲ್ಲಿ ಕೇಳಿಬರುತ್ತದೆ? 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬ ಲೆಕ್ಕ ಆ ವರದಿಯದು. ಮುಂದೆ ಸರ್ಕಾರ ಅದನ್ನು 700ಕ್ಕೆ ಒಬ್ಬ ಎಂದು ಮಾಡಿಕೊಂಡಿತು. ಒಂದು ಅಂಕಿ ಬದಲಾದರೆ ಒಬ್ಬಳ ಸೊಂಟದ ಮೇಲೆ ಇನ್ನೂ ಇನ್ನೂರು ಜನರ ಕಸ ಬೀಳುತ್ತದೆ.

ಈಗ ಮತ್ತೆ ರಸೀದಿಗೆ ಬರೋಣ. ಉದಾಹರಣೆಗೆ ಒಂದು ಮನೆಯ ತೆರಿಗೆ 2000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಕರ 300 ರೂಪಾಯಿ. 6ರಂತೆ ಗ್ರಂಥಾಲಯ ಕರ 120 ರೂಪಾಯಿ. 3ರಂತೆ ಭಿಕ್ಷುಕರ ಕರ 60 ರೂಪಾಯಿ. ಈ ಮೂರು ಪಾಲಿಕೆಯ ಸ್ವಂತ ಹಣವಲ್ಲ. ವಸೂಲಿ ಮಾಡಿ ದಾಟಿಸಬೇಕಾದವು. ಗ್ರಂಥಾಲಯ ಕರದ ಹಿಂದೆ 1965ರ ಕಾಯ್ದೆಯಿದೆ, ಭಿಕ್ಷುಕರ ಕರದ ಹಿಂದೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ. ಭಿಕ್ಷುಕರ ಹೆಸರಿನಲ್ಲಿ ಪ್ರತಿ ಮನೆಯಿಂದ ಹಣ ಬರುತ್ತಿರುವಾಗಲೇ 2010ರ ಆಗಸ್ಟಿನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತರು. ದುಡ್ಡಿಲ್ಲದೆ ಆದ ಸಾವುಗಳು ಎಂದು ಅವನ್ನು ತಳ್ಳಿಹಾಕುವುದು ಕಷ್ಟ.

ಗ್ರಂಥಾಲಯ ಕರದ ಮಾತಂತೂ ನಮ್ಮ ರಾಜೀವನಗರದ ಮನೆಮಾತು. ಇಲ್ಲಿ ಸೈಯದ್ ಇಸಾಕ್ ಎಂಬ ಕೂಲಿಕಾರರು, ಶಾಲೆಯ ಮುಖ ಕಾಣದವರು, 2011ರಲ್ಲಿ ಒಂದು ಶೆಡ್ಡಿನಲ್ಲಿ ಪುಕ್ಕಟೆ ಗ್ರಂಥಾಲಯ ತೆರೆದರು. ತಾವು ಓದದಿದ್ದರೂ ಬೇರೆಯವರು ಓದಲಿ, ಕನ್ನಡ ಓದಲಿ ಎಂಬುದು ಅವರ ಆಸೆ. ತಮ್ಮ ಕೂಲಿಯಲ್ಲೇ ಪತ್ರಿಕೆ ತರಿಸುತ್ತಿದ್ದರು. ಸುಮಾರು 11 ಸಾವಿರ ಪುಸ್ತಕಗಳಾಗಿದ್ದವು, ಹೆಚ್ಚಿನವು ಕನ್ನಡದವು. 2021ರ ಏಪ್ರಿಲ್ 9ರಂದು ಅದು ಸುಟ್ಟುಹೋಯಿತು. ದೇಶದ ಮೂಲೆಮೂಲೆಯಿಂದ ಜನ ದುಡ್ಡು ಪುಸ್ತಕ ಕೊಡಲು ಮುಂದೆ ಬಂದರು. ಸರ್ಕಾರದವರು ಗ್ರಂಥಾಲಯದ ಭರವಸೆ ಕೊಟ್ಟರು. ಎಲ್ಲರೂ ಅವರ ದೊಡ್ಡತನ ಹೊಗಳಿದರು. ನಾನೂ ಹೊಗಳುತ್ತೇನೆ. ಆದರೆ ಹೊಗಳಿಕೆಯ ನಡುವೆ ಒಂದು ಸಣ್ಣ ಪ್ರಶ್ನೆ ಮುಚ್ಚಿಹೋಯಿತು. ಮುಸ್ಲಿಮರು, ದಲಿತರು, ಕೂಲಿಯವರು ಹೆಚ್ಚಾಗಿರುವ ಈ ಭಾಗದ ಮನೆಗಳೂ ನೂರಕ್ಕೆ ಆರು ರೂಪಾಯಿ ಕಟ್ಟುತ್ತಲೇ ಇದ್ದವಲ್ಲ? ಹಾಗಿದ್ದ ಮೇಲೆ ಗ್ರಂಥಾಲಯವನ್ನು ಒಬ್ಬ ಕೂಲಿಯವರು ತಮ್ಮ ಜೇಬಿನಿಂದ ಯಾಕೆ ನಡೆಸಬೇಕಾಯಿತು? ಹಕ್ಕಾಗಿ ಬರಬೇಕಾದ್ದು ಒಬ್ಬರ ತ್ಯಾಗವಾಗಿ ಬಂದಾಗ, ಆ ತ್ಯಾಗವನ್ನು ಕೊಂಡಾಡುವುದು ವ್ಯವಸ್ಥೆಗೆ ಬಹಳ ಅನುಕೂಲ.

ಇನ್ನು ‘ನಮ್ಮ ಟ್ಯಾಕ್ಸ್ ದುಡ್ಡು’ ಎಂಬ ಮಾತಿನ ಲೆಕ್ಕ. ಒಂದನೆಯದು, ಪಾಲಿಕೆ ನಡೆಯುವುದು ಕಂದಾಯದಿಂದ ಮಾತ್ರವಲ್ಲ. ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರದ ಅನುದಾನ ಸೇರುತ್ತವೆ. ಅವು ಬೆಂಕಿಪೊಟ್ಟಣದಿಂದ ಹಿಡಿದು ಸೋಪಿನವರೆಗೆ ಎಲ್ಲರೂ ಕೊಡುವ ತೆರಿಗೆಯ ಹಣ. ಎರಡನೆಯದು, ಬಾಡಿಗೆದಾರರು. ಕಂದಾಯ ಓನರಿನ ಹೆಸರಿನಲ್ಲಿದ್ದರೂ ಅದು ಬಾಡಿಗೆಯೊಳಗೆ ಕರಗಿರುತ್ತದೆ. ಆ ಹೆಂಗಸು ಪೊರಕೆ ಹಿಡಿದೇ ಹೇಳಿದ ಮಾತು ಅರ್ಥಶಾಸ್ತ್ರವಾಗಿಯೂ ಸರಿ. ಮೂರನೆಯದು, ಕಂದಾಯವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯ ಮೇಲೆ ಕಟ್ಟುತ್ತಾರೆ. ಬೆಲೆ ಹೆಚ್ಚಿರುವ ಬಡಾವಣೆ ಹೆಚ್ಚು ಕಟ್ಟುತ್ತದೆ, ‘ಹಾಗಾಗಿ ನಮಗೆ ಹೆಚ್ಚು ಕೊಡಿ’ ಎನ್ನುತ್ತದೆ. ಆದರೆ ಬೆಲೆ ಯಾಕೆ ಹೆಚ್ಚಾಯಿತು? ರಸ್ತೆ, ಪಾರ್ಕು, ನೀರು, ಒಳಚರಂಡಿ ಮೊದಲು ಅಲ್ಲಿಗೆ ಹೋದದ್ದಕ್ಕೆ. ಅವರ ಕೊಳಚೆ ಎಲ್ಲಿಗೆ ಹೋಗುತ್ತದೆ? ಮೈಸೂರಿನ ಕೊಳಚೆ ನೀರು ಶುದ್ಧೀಕರಿಸುವ ಮೂರು ಘಟಕಗಳಲ್ಲಿ ಒಂದು ನಮ್ಮ ಪಕ್ಕದ ಕೆಸರೆಯಲ್ಲಿದೆ. ಊರಿನ ಸೌಕರ್ಯ ಒಂದು ದಿಕ್ಕಿಗೆ, ಊರಿನ ವಾಸನೆ ಇನ್ನೊಂದು ದಿಕ್ಕಿಗೆ ಹರಿದರೆ ಮಾರ್ಗಸೂಚಿ ಬೆಲೆ ತಾನಾಗಿ ಬೇರೆಯಾಗುತ್ತದೆ.

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 1977ರಲ್ಲಿ ಮೈಸೂರು ಮಹಾನಗರ ಪಾಲಿಕೆಯಾಯಿತು. 1993ರ ಜೂನಿನಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ದಲಿತರಿಗೂ ಹೆಂಗಸರಿಗೂ ಕೌನ್ಸಿಲ್ಲಿನಲ್ಲಿ ಕುರ್ಚಿ ಮೀಸಲಿಟ್ಟಿತು. ಪಾಲಿಕೆಗಳು ಪರಿಶಿಷ್ಟರಿಗಾಗಿ ತೆಗೆದಿಡಬೇಕಾದ ಪಾಲು ಹಿಂದೆ ನೂರಕ್ಕೆ 22.75 ಇದ್ದದ್ದು ಮುಂದೆ 24.10 ಆಯಿತು. 2017ರಲ್ಲಿ ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ತೆಗೆದು ನೇರಪಾವತಿ ತಂದರು. 2022ರ ಜುಲೈನಲ್ಲಿ ಖಾಯಂ ಮಾಡಿ ಎಂದು ಅವರು ರಾಜ್ಯದುದ್ದಕ್ಕೂ ಕೆಲಸ ನಿಲ್ಲಿಸಿ ಕೂತರು. ಅವರು ಬೀದಿಗಿಳಿದ ಮೇಲೆಯೇ ಸರ್ಕಾರ ಖಾಯಮಾತಿಗೆ ಒಪ್ಪಿದ್ದು. ಇವೆಲ್ಲ ಯಾರೋ ಕರುಣೆಯಿಂದ ಕೊಟ್ಟವಲ್ಲ. 2015 ಮತ್ತು 2016ರಲ್ಲಿ ಮೈಸೂರು ದೇಶದಲ್ಲೇ ಸ್ವಚ್ಛ ನಗರ ಎಂದು ಹೆಸರಾದಾಗ ಆ ಹೆಸರು ಊರಿಗೆ ಬಂತು, ಪೊರಕೆ ಹಿಡಿದವರು ಮಾತ್ರ ಗುತ್ತಿಗೆಯಲ್ಲೇ ಇದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ವಿಪರ್ಯಾಸ. 2018ರಲ್ಲಿ ಆರಿಸಿದ 65 ವಾರ್ಡುಗಳ ಕೌನ್ಸಿಲ್ಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. 2024ರ, 2025ರ ಬಜೆಟ್ಟುಗಳು ಚುನಾಯಿತ ಸದಸ್ಯರಿಲ್ಲದೆಯೇ ಆದವು. ಹಿಂದೆ ಕಂದಾಯ ಕಟ್ಟದವನಿಗೆ ಓಟಿರಲಿಲ್ಲ. ಈಗ ಎಲ್ಲರಿಗೂ ಓಟಿದೆ, ಎಲ್ಲರೂ ಒಂದಲ್ಲ ಒಂದು ರೀತಿ ಕಟ್ಟುತ್ತಾರೆ. ಖರ್ಚಿನ ಬಗ್ಗೆ ಕೇಳುವ ಬಾಯಿಯೇ ಅಷ್ಟು ದಿನ ಇಲ್ಲವಾಯಿತು. ನಮ್ಮವರು ಕುರ್ಚಿಗೆ ಬಂದ ಹೊತ್ತಿಗೆ ಸಭೆಯೇ ಖಾಲಿಯಾಗುವುದನ್ನು ನಾವು ಬರೀ ಆಡಳಿತದ ವಿಷಯವೆಂದು ಬಿಡಬಾರದು.

ದಲಿತ ವಿಮರ್ಶೆ ಕಾವ್ಯ ಬಿಟ್ಟು ಕಡತ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಕಾವ್ಯವನ್ನು ಅನುಮಾನಿಸಿ ಓದಲು ಕಲಿಸಿದ ಕಣ್ಣಿನಿಂದಲೇ ಕಡತವನ್ನೂ ಓದೋಣ ಎನ್ನುತ್ತಿದ್ದೇನೆ. ಪಾಲಿಕೆಯ ಬಜೆಟ್ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಶೇ. 24.10ರ ಹಣ ಯಾವ ಬೀದಿಗೆ ಹೋಯಿತು, ಗ್ರಂಥಾಲಯ ಕರ ಎಷ್ಟು ವಸೂಲಾಯಿತು ಎಷ್ಟು ದಾಟಿತು, ನಮ್ಮ ವಾರ್ಡಿಗೆ ಎಷ್ಟು ಜನ ಪೌರಕಾರ್ಮಿಕರು ಇರಬೇಕಿತ್ತು ಎಷ್ಟಿದ್ದಾರೆ, ಈ ಮೂರು ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳ ಕೈಲಿ ಬರೆಸಿದ್ದೇನೆ. ಅವರಲ್ಲಿ ಒಬ್ಬಳ ತಾಯಿ ಪೌರಕಾರ್ಮಿಕರು. ಅರ್ಜಿಯಲ್ಲಿ ಹೆಸರು ಬರೆಯುವ ಕಡೆ ಅವಳು ನನ್ನನ್ನು ಕೇಳಿದಳು: ‘ಸಾರ್, ಇಲ್ಲಿ ತೆರಿಗೆದಾರಳು ಅಂತ ಬರೀಬಹುದಾ?’

ಬರಿ ಅಂದೆ.