ಹ್ಯಾಮಿಲ್ಟನ್ನಿನ ಹೊಸ ಪಾಠಕ್ರಮ

ಅಮೆರಿಕ, ಕೆನಡಾಗಳ ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಕುರಿತ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಒಂದು ಪದ್ಧತಿ ಗಟ್ಟಿಯಾಗಿ ಬೇರೂರಿತ್ತು. ಮೊದಲೆರಡು ವರ್ಷ ಅಂಗರಚನೆ, ಜೀವರಸಾಯನದಂಥ ಮೂಲ ವಿಜ್ಞಾನಗಳು. ರೋಗಿಯ ಹಾಸಿಗೆಯ ಬಳಿಗೆ ಹೋಗುವುದು ಆಮೇಲೆ. ವೈದ್ಯರಾಗಬೇಕೆಂಬ ಹಂಬಲ ಹೊತ್ತು ಬಂದವರು ಆ ಎರಡು ವರ್ಷ ನೋಟ್ಸ್ ಬರೆದು, ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ಬಹುಪಾಲು ಮರೆಯುತ್ತಿದ್ದರು.

ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಈ ಪದ್ಧತಿಯನ್ನು ಕೈಬಿಟ್ಟಿತು. 1965ರಲ್ಲಿ ಹೊಸ ವೈದ್ಯಕೀಯ ಶಾಲೆಯ ಡೀನ್ ಆದ ಜಾನ್ ಇವಾನ್ಸ್‌ಗೆ ಆಗ ನಲವತ್ತೂ ಆಗಿರಲಿಲ್ಲ. ಅವರೂ ಸಂಗಡಿಗರೂ ರೂಪಿಸಿದ ಮೂರು ವರ್ಷದ ಕೋರ್ಸಿಗೆ 1969ರಲ್ಲಿ 20 ವಿದ್ಯಾರ್ಥಿಗಳು ಸೇರಿದರು. ಪಿಯುಸಿಯಲ್ಲಿ ವಿಜ್ಞಾನ ಓದದವರಿಗೆ ಎಂಬಿಬಿಎಸ್ ಬಾಗಿಲೇ ತೆರೆಯದ ನಮಗೆ ಅಚ್ಚರಿಯೆನಿಸಬಹುದು: ಅಲ್ಲಿ ಕಲಾ ವಿಷಯಗಳನ್ನು ಓದಿದವರಿಗೂ ಪ್ರವೇಶವಿತ್ತು.

ಸಾಲುಸಾಲು ಉಪನ್ಯಾಸಗಳ ಜಾಗದಲ್ಲಿ ಐದಾರು ಜನರ ಗುಂಪು ಬಂತು. ಮೊದಲು ರೋಗಿಯ ಸಮಸ್ಯೆ, ಆಮೇಲೆ ಓದು. ತಮಗೇನು ತಿಳಿಯದು ಎಂಬುದನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಿ, ಗ್ರಂಥಾಲಯದಲ್ಲಿ ಹುಡುಕಿ, ಮತ್ತೆ ಕೂಡಿ ಚರ್ಚಿಸಬೇಕಿತ್ತು. ಜೊತೆಗಿದ್ದ ಬೋಧಕರ ಕೆಲಸ ಉತ್ತರ ಹೇಳುವುದಲ್ಲ, ಪ್ರಶ್ನೆಯನ್ನು ಜೀವಂತವಾಗಿಡುವುದು.

ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1970ರ ದಶಕದಲ್ಲಿ ಇಲ್ಲಿಗೆ ಬಂದರು. ರಾಬಿನ್ ಟ್ಯಾಂಬ್ಲಿನ್ ಜೊತೆಗೂಡಿ ಅವರು ಸಿದ್ಧಪಡಿಸಿದ ಒಂದು ಕಲಿಕಾ ಸಾಧನ ಇಸ್ಪೀಟು ಕಟ್ಟಿನಂತಿತ್ತು. ಒಂದೊಂದು ಕಾರ್ಡೂ ರೋಗಿಗೆ ಕೇಳಬಹುದಾದ ಒಂದು ಪ್ರಶ್ನೆ, ಮಾಡಬಹುದಾದ ಒಂದು ತಪಾಸಣೆ ಇಲ್ಲವೇ ಕೊಡಬಹುದಾದ ಒಂದು ಚಿಕಿತ್ಸೆ. ವಿದ್ಯಾರ್ಥಿ ಒಂದನ್ನು ಆರಿಸಿ ತಿರುವಿದರೆ ಹಿಂಬದಿಯಲ್ಲಿ ಅದರ ಫಲಿತಾಂಶ. ಯಾವ ಕಾರ್ಡು ಮೊದಲು ಎತ್ತಬೇಕು ಎಂದು ಹೇಳುವವರು ಯಾರೂ ಇಲ್ಲ. ಆ ಆಯ್ಕೆಯ ಹೊಣೆಯೇ ಪಾಠವಾಗಿತ್ತು.

ಸಮಸ್ಯೆಯಿಂದಲೇ ಕಲಿಕೆ ಆರಂಭಿಸುವ ಈ ಪದ್ಧತಿ 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ತಲುಪಿತು. 1985ರ ಹೊತ್ತಿಗೆ ಹಾರ್ವರ್ಡ್ ಕೂಡ ತನ್ನದೇ ರೂಪದಲ್ಲಿ ಅಳವಡಿಸಿಕೊಂಡಿತು.

ಹಾದಿ ಸುಗಮವಾಗಿಯೇನೂ ಇರಲಿಲ್ಲ. ಸಾಂಪ್ರದಾಯಿಕ ಪರೀಕ್ಷೆಗಳೇ ಇಲ್ಲದ ಮೆಕ್‌ಮಾಸ್ಟರ್‌ನಲ್ಲಿ ವಿದ್ಯಾರ್ಥಿಗೆ ತಾನು ಎಲ್ಲಿ ಹಿಂದಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. 1980ರ ದಶಕದ ಕೊನೆಗೆ ಕೆನಡಾದ ಲೈಸೆನ್ಸ್ ಪರೀಕ್ಷೆಯಲ್ಲಿ ಅಲ್ಲಿಯವರ ಅನುತ್ತೀರ್ಣತೆ ದೇಶದ ಸರಾಸರಿಯನ್ನು ಮೀರಿತು. ಆಗ ಶಾಲೆ ಹಳೆಯ ಪದ್ಧತಿಗೆ ಮರಳಲಿಲ್ಲ. ಅದು ಮೆಚ್ಚಬೇಕಾದ ಧೈರ್ಯ. ಮಾಸ್ಟ್ರಿಕ್ಟ್‌ನಲ್ಲಿ ಆಗಲೇ ರೂಢಿಯಲ್ಲಿದ್ದ ಪ್ರಗತಿ ಪರೀಕ್ಷೆಯನ್ನು 1990ರ ದಶಕದ ಆರಂಭದಲ್ಲಿ ತಂದುಕೊಂಡಿತು. ವರ್ಷಕ್ಕೆ ಮೂರು ಬಾರಿ, 180 ಪ್ರಶ್ನೆ. ಮೊದಲ ವರ್ಷದವರಿಗೂ ಕೊನೆಯ ವರ್ಷದವರಿಗೂ ಒಂದೇ ಪ್ರಶ್ನೆಪತ್ರಿಕೆ. ಇಡೀ ವೈದ್ಯಕೀಯ ಜ್ಞಾನವನ್ನೇ ವ್ಯಾಪಿಸುವ ಇದಕ್ಕೆ ಹಿಂದಿನ ರಾತ್ರಿ ಕೂತು ಓದಿ ಪ್ರಯೋಜನವಿಲ್ಲ. ಸ್ವಂತ ಆಸಕ್ತಿಯಿಂದ ಓದುವವರಿಗೂ ತಮ್ಮ ಓದಿನ ಕೊರತೆ ಕಾಣಿಸುವ ದಾರಿ ಬೇಕು ಎಂಬುದನ್ನು ಆ ಶಾಲೆ ಹೀಗೆ ಒಪ್ಪಿಕೊಂಡಿತು.

ಭಾರತದಲ್ಲಿ 2019ರ ಎಂಬಿಬಿಎಸ್ ಪಠ್ಯಕ್ರಮ, ವಿದ್ಯಾರ್ಥಿಯೇ ಹುಡುಕಿ ಕಲಿಯುವ ಇಂಥ ಸ್ವಯಂ ನಿರ್ದೇಶಿತ ಕಲಿಕೆಗೆಂದೇ ವೇಳಾಪಟ್ಟಿಯಲ್ಲಿ ಗಂಟೆಗಳನ್ನು ಮೀಸಲಿಟ್ಟಿತು. ಬೆಂಗಳೂರಿನಿಂದ ಬೀದರ್‌ವರೆಗಿನ ಕಾಲೇಜುಗಳಿಗೂ ಅದು ಅನ್ವಯಿಸಿತು. ಆದರೆ 150 ಸೀಟುಗಳ ತರಗತಿಯನ್ನು ಐವರ ಗುಂಪುಗಳಾಗಿ ಒಡೆದರೆ 30 ಗುಂಪು, ಏಕಕಾಲಕ್ಕೆ 30 ಬೋಧಕರು ಬೇಕು. ಅಷ್ಟು ಬೋಧಕರನ್ನು ಕೊಡದೆ, ಗ್ರಂಥಾಲಯವನ್ನು ತುಂಬಿಸದೆ ಗಂಟೆಗಳನ್ನಷ್ಟೇ ಮೀಸಲಿಟ್ಟರೆ, ಕಲಿಯುವ ಹಂಬಲದಿಂದ ಬಂದ ಹುಡುಗ ಹುಡುಗಿಯರಿಗೆ ಸಿಗುವುದು ಖಾಲಿ ಪೀರಿಯಡ್ ಮಾತ್ರ.