ಪೊಂಪೇಯಿ: ಅಬೊಂಡಾಂಜಾ ಬೀದಿ

ನೀವೀಗ ನಿಂತಿರುವುದು ಪೊಂಪೇಯಿಯ ಪ್ರಮುಖ ವ್ಯಾಪಾರ ಬೀದಿಯಲ್ಲಿ. ಇದು ನಗರದ ಮುಖ್ಯ ಚೌಕವಾದ ಫೋರಂನಿಂದ ಸಾರ್ನೋ ದ್ವಾರದ ಕಡೆಗೆ ಸಾಗುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಹಗುರ ಕಲ್ಲುಗಳಡಿ ಇಡೀ ನಗರ ಹೂತುಹೋಯಿತು. ಉತ್ಖನನ ಶುರುವಾದದ್ದು 1748ರಲ್ಲಿ. ನಗರದ ಸುಮಾರು ಮೂರನೇ ಒಂದು ಭಾಗ ಇನ್ನೂ ನೆಲದಡಿಯೇ ಇದೆ.

ಕಾಲಡಿಯ ಕಲ್ಲು
ಲಾವಾ ಶಿಲೆಯ ಹಾಸಿನಲ್ಲಿ ಗಾಡಿ ಚಕ್ರಗಳು ಸವೆಸಿದ ಆಳವಾದ ಜಾಡು ಕಾಣುತ್ತದೆ. ಬೀದಿಗೆ ಅಡ್ಡಲಾಗಿ ಎತ್ತರದ ಕಲ್ಲುಗಳನ್ನು ನೆಟ್ಟಿದ್ದಾರೆ. ಮಳೆನೀರು, ಕೊಳಚೆ ಹರಿಯುವಾಗ ಜನ ಕಾಲು ನೆನೆಯದಂತೆ ಇವುಗಳ ಮೇಲೆ ದಾಟುತ್ತಿದ್ದರು. ನಡುವಿನ ಸಂದಿನಲ್ಲಿ ಚಕ್ರಗಳು ಸಾಗುತ್ತಿದ್ದವು.

ಅಂಗಡಿ ಸಾಲು
ಕೆಲವು ಅಂಗಡಿಗಳ ಕಟ್ಟೆಯಲ್ಲಿ ದುಂಡನೆಯ ಕುಳಿಗಳಿವೆ. ಅವು ಒಳಗೆ ಹುದುಗಿಸಿದ ಮಣ್ಣಿನ ಗುಡಾಣಗಳ ಬಾಯಿ. ಅವುಗಳಲ್ಲಿ ತಿನಿಸು, ಪಾನೀಯ ಇಟ್ಟು ಮಾರುತ್ತಿದ್ದರು. ಬೀದಿಬದಿಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಚುನಾವಣಾ ಪ್ರಚಾರದ ಸಾಲುಗಳೂ ಸಿಕ್ಕಿವೆ.

ಭಾರತದ ನಂಟು
ಇದೇ ಬೀದಿಯ ಮನೆಯೊಂದರಲ್ಲಿ 1938ರಲ್ಲಿ ಭಾರತೀಯ ದಂತದ ಸ್ತ್ರೀ ಪ್ರತಿಮೆ ದೊರೆಯಿತು. ಎತ್ತರ ಸುಮಾರು 25 ಸೆಂ.ಮೀ. ಮೊದಲು ಲಕ್ಷ್ಮಿ ಎಂದು ಗುರುತಿಸಲಾದ ಇದನ್ನು ಹಲವು ವಿದ್ವಾಂಸರು ಯಕ್ಷಿ ಎನ್ನುತ್ತಾರೆ. ಕಡಲ ವ್ಯಾಪಾರ ಎಷ್ಟು ದೂರ ಚಾಚಿತ್ತೆಂಬುದಕ್ಕೆ ಇದು ಸಾಕ್ಷಿ. ಪ್ರತಿಮೆ ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ.

ಸಂದರ್ಶಕರ ಗಮನಕ್ಕೆ
ಹಾಸುಗಲ್ಲು ಏರುಪೇರಾಗಿದೆ, ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆ ಧರಿಸಿ. ಬೇಸಿಗೆಯಲ್ಲಿ ನೆರಳು ಕಡಿಮೆ, ಟೋಪಿ ಮತ್ತು ನೀರು ಜೊತೆಗಿರಲಿ. ಗೋಡೆ, ಚಿತ್ರಗಳನ್ನು ಮುಟ್ಟಬೇಡಿ, ಒರಗಬೇಡಿ.